ಹನಿಯ ತೊಗಲು

ಮುಚ್ಚಳ ಬಿಗಿಯಾಗಿ ಹಿಡಿ ಎಂದು ದಾಕ್ಷಾಯಣಿ ಕೂಗುವಷ್ಟರಲ್ಲಿ ನೊರೆ ಅವಳ ಮೊಣಕೈ ದಾಟಿತ್ತು. ಗಾಜಿನ ಹಂಡೆಯ ಬಾಯಿಂದ ಬಿಳಿ ನೊರೆ ಬುಸ್ಸೆಂದು ಮೇಲೆದ್ದು, ಹಳೆಯ ತೊಲೆಗೆ ಬಡಿದು, ಪಕ್ಕದಲ್ಲಿದ್ದ ಸಹಾಯಕ ಫಯಾಜನ ತಲೆಯ ಮೇಲೆ ಹನಿಹನಿಯಾಗಿ ಇಳಿಯಿತು. 'ಬಿಡಬ್ಯಾಡ, ಬಿಡಬ್ಯಾಡ' ಎನ್ನುತ್ತ ಅವಳು ಒಂದು ಕೈಯಲ್ಲಿ ಮುಚ್ಚಳ ಒತ್ತಿಕೊಂಡೇ ಇನ್ನೊಂದು ಕೈಯಿಂದ ಗೋಡೆಯ ಮೇಲಿನ ಕೆಂಪು ಗುಂಡಿಗಾಗಿ ತಡಕಾಡಿದಳು. ಗುಂಡಿ ಸಿಕ್ಕಿತು. ಮೋಟಾರು ನರಳಿ ನಿಂತಿತು. ನೊರೆ ಇಳಿದ ಮೇಲೆ ಹಂಡೆಯೊಳಗೆ ಉಳಿದದ್ದು ತಳದಲ್ಲಿ ಬೂದು ನೀರು, ಮೇಲೆ ಒಂದು ಪದರ ಎಣ್ಣೆ.

'ಕೋಶ ಸತ್ತೂ?' ಎಂದ ಫಯಾಜ್.

'ಎಲ್ಲಾ.'

'ನಮ್ಮವ್ವ ದಿನಾ ಬೈತಾಳ, ತಲಿಗೆ ಎಣ್ಣಿ ಹಚ್ಚಿಕೊಳ್ಳೂದಿಲ್ಲ ಅಂತ. ಇವತ್ತ ನೋಡಿದ್ರ ಖುಷಿ ಪಡ್ತಾಳ ಬಿಡ್ರಿ ಅಕ್ಕಾರ.'

ದಾಕ್ಷಾಯಣಿ ನಗಲಿಲ್ಲ. ಗೋಡೆಯ ಪರದೆಯ ಮೇಲೆ ಮೂರು ಗೆರೆಗಳಿದ್ದವು. ನೀಲಿಯದು ಪ್ರೋಟೀನು, ಹಸಿರಿನದು ಸಕ್ಕರೆ. ಅವೆರಡೂ ಒಳ್ಳೆಯ ಮಕ್ಕಳ ಹಾಗೆ ತಮ್ಮ ಪಾಡಿಗೆ ನೇರ ಸಾಗಿದ್ದವು. ಹಳದಿಯದು ಕೊಬ್ಬು. ಅದು ಒಂದಿಷ್ಟು ಏರಿ, ಬಾವಿಗೆ ಬಿದ್ದ ಹಾಗೆ ಕೆಳಗೆ ಹೋಗಿತ್ತು. ಹಿಂದಿನ ಸಲವೂ ಹೀಗೆಯೇ. ಅದರ ಹಿಂದಿನ ಸಲವೂ.

ಬೆಟಗೇರಿಯ ಆಚೆ ಹಾಳುಬಿದ್ದಿದ್ದ ಹತ್ತಿ ಗಿರಣಿಯೊಂದನ್ನು ರಿಪೇರಿ ಮಾಡಿ ಹಾಲುಮನೆ ಮಾಡಿದ್ದರು. ಬಿಳಿ ಜ್ವರದ ವರ್ಷಗಳು ಕಳೆದ ಮೇಲಿನ ಮಾತು. ಆ ಜ್ವರ ಬಂದು ಹೋದ ಹೆಂಗಸರಿಗೆ ಏನೂ ಆಗುತ್ತಿರಲಿಲ್ಲ. ಆದರೆ ಅವರು ಹೆತ್ತಾಗ ಎದೆಹಾಲಿನಲ್ಲಿ ಜ್ವರ ಕೂತಿರುತ್ತಿತ್ತು, ಕುಡಿದ ಕೂಸು ಉಳಿಯುತ್ತಿರಲಿಲ್ಲ. ಯಾರ ಹಾಲಿನಲ್ಲಿ ಇದೆ, ಯಾರದರಲ್ಲಿ ಇಲ್ಲ ಎಂದು ಖಾತ್ರಿಯಾಗಿ ಹೇಳುವ ಪರೀಕ್ಷೆ ಇರಲಿಲ್ಲ. ಹೀಗಾಗಿ ಒಬ್ಬಳ ಹಾಲನ್ನು ಇನ್ನೊಬ್ಬಳ ಕೂಸಿಗೆ ಕುಡಿಸಬಾರದೆಂದು ಕಾನೂನೇ ಬಂತು. ಜ್ವರ ಕಂಡ ತಾಯಿ ತನ್ನ ಕೂಸಿಗೂ ಕುಡಿಸುವಂತಿರಲಿಲ್ಲ. ಹಾಲುಮನೆ ಹುಟ್ಟಿದ್ದು ಅದಕ್ಕೆ. ಇಲ್ಲಿ ಹಂಡೆಗಳಲ್ಲಿ ಕಟ್ಟಿದ ಜೀವಕೋಶಗಳಿದ್ದವು. ಕಂಪ್ಯೂಟರಿನಲ್ಲಿಟ್ಟ ಡಿಎನ್‌ಎ ಲಿಪಿ ನೋಡಿ ಜೋಡಿಸಿದ, ತಾಯಿಯಿಲ್ಲದ ಕೋಶಗಳು. ಅವು ಹಾಲು ಕೊಡುತ್ತಿದ್ದವು. ತೆಳ್ಳನೆಯ, ನೀಲಿ ಛಾಯೆಯ, ಕೆನೆಯಿಲ್ಲದ ಹಾಲು. ಅದಕ್ಕೆ ಕುಸುಬೆ ಎಣ್ಣೆ ಕಡೆದು ಸೇರಿಸಿ ಕೊಡುತ್ತಿದ್ದರು. ತಿಂಗಳು ತುಂಬಿ ಹುಟ್ಟಿದ ಕೂಸುಗಳು ಅದನ್ನೇ ಕುಡಿದು ಹೇಗೋ ಬೆಳೆಯುತ್ತಿದ್ದವು. ತುಂಬದೆ ಹುಟ್ಟಿದವಕ್ಕೆ ಅದು ಸಾಲುತ್ತಿರಲಿಲ್ಲ.

ದಾಕ್ಷಾಯಣಿ ಹುಡುಗಿಯಾಗಿದ್ದಾಗ ಜ್ವರ ಬಂದು ಹೋಗಿತ್ತು. ಅವಳ ಮಗಳು ತಿಂಗಳು ತುಂಬದೆ ಹುಟ್ಟಿ ರಸ್ತೆಯಾಚೆಯ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದಳು. ಇನ್ನೂ ಹೆಸರಿಟ್ಟಿರಲಿಲ್ಲ. ಕೈ ತೊಳೆದುಕೊಂಡು, ನೊರೆ ಮೆತ್ತಿದ ಅಂಗಿ ಬದಲಿಸಿ ಅವಳು ಅಲ್ಲಿಗೆ ಹೋದಾಗ ಸಿಸ್ಟರ್ ಫಿಲೋಮಿನಾ ತಕ್ಕಡಿ ಒರೆಸುತ್ತಿದ್ದರು.

'ತೂಕ ಏರೇತೇನ್ರಿ ಸಿಸ್ಟರ್?'

'ಇಳಿದಿಲ್ಲ' ಎಂದರು ಸಿಸ್ಟರ್. ಅವರು ಯಾವಾಗಲೂ ಸುದ್ದಿಯ ಒಳ್ಳೆಯ ಮಗ್ಗುಲನ್ನೇ ಹೇಳುವವರು. ಇಂದು ಅವರಿಗೆ ಸಿಕ್ಕ ಒಳ್ಳೆಯ ಮಗ್ಗುಲು ಅಷ್ಟೇ. 'ಆದ್ರ ದಾಕ್ಷಾಯಣಿ, ಹಿಂಗ ನಿಂತಲ್ಲೇ ನಿಂತ್ರ ಈ ತಿಂಗಳು ದಾಟೂದು ಕಷ್ಟ. ನಿಮ್ಮ ಹಂಡೆದೊಳಗ ಲಗೂ ಏನರ ಮಾಡ್ರಿ.'

ಕೂಸು ಕಣ್ಣು ಬಿಟ್ಟು ಅವಳತ್ತ ನೋಡಿತು, ಅಥವಾ ಬೆಳಕಿನತ್ತ.

ಮನೆಯಲ್ಲಿ ಅತ್ತೆ ಗುರವ್ವ ರೊಟ್ಟಿ ಬಡಿಯುತ್ತಿದ್ದಳು. ದಾಕ್ಷಾಯಣಿಯ ಗಂಡ ರೈಲ್ವೆ ಕೆಲಸದ ಮೇಲೆ ಸೊಲ್ಲಾಪುರದಲ್ಲಿದ್ದ, ಮನೆಯಲ್ಲಿ ಇವರಿಬ್ಬರೇ. ಸೊಸೆ ಬಂದು ಗೋಡೆಗೆ ಒರಗಿ ಕುಳಿತ ರೀತಿಯಲ್ಲೇ ಗುರವ್ವನಿಗೆ ಗೊತ್ತಾಯಿತು.

'ನಿಮ್ಮ ಹಂಡೆಗೆ ಪಾರವ್ವನ ಹಾಲೂ ಹತ್ತಲಿಲ್ಲೇನು?'

'ಇಲ್ರಿ ಅತ್ತಿ.'

'ಅಕಿದು ಚಲೋ ಹಾಲವಾ! ಅಕಿ ಮಗಾ ನೋಡು, ಗುಂಡಕಲ್ಲ ಆದಂಗ ಆಗ್ಯಾನ.' ರೊಟ್ಟಿಯನ್ನು ಹಂಚಿನ ಮೇಲೆ ಎಸೆದು ನೀರು ಸವರಿದಳು. 'ನನಗ ಒಂದ ತಿಳಿಯಂಗಿಲ್ಲ. ಎಲ್ಲಾ ಮಿಷನ್ನಿನಾಗ ಮಾಡ್ತೀರಿ. ಕೊಬ್ಬು ಒಂದ ಯಾಕ ಬರಂಗಿಲ್ಲ?'

ಈ ಪ್ರಶ್ನೆಯನ್ನು ಹಾಲುಮನೆಯ ನಿರ್ದೇಶಕ ಇಂದುಧರ ಅವರು ಕೇಳಿದ್ದಾಗ ದಾಕ್ಷಾಯಣಿ ದೊಡ್ಡ ದೊಡ್ಡ ಮಾತಿನಲ್ಲಿ ಉತ್ತರ ಕೊಟ್ಟಿದ್ದಳು. ಈಗ ಅವೆಲ್ಲ ಬೇಡವೆನಿಸಿತು.

'ನಿಮ್ಮ ಕೊರಳಾಗ ಸರ ಐತೆಲ್ರಿ. ಪ್ರೋಟೀನಂದ್ರ ಹಂಗ, ಇಪ್ಪತ್ತು ತರದ ಮಣಿ ಪೋಣಿಸಿದ ಸರ. ಈ ಜ್ವಾಳದಾಗಿನ ಹಿಟ್ಟಿನಂಶ ಐತೆಲ್ಲ, ಅದೂ ಸರ. ಒಂದ ತರದ ಮಣಿ, ಉದ್ದಾನುದ್ದ. ಹಾಲಿನ ಸಕ್ಕರಿ ಎರಡ ಮಣೀದು. ಡಿಎನ್‌ಎನೂ ಸರಾನ, ನಾಕ ತರದ ಮಣಿ. ಯಾವ ಮಣಿ ಆದಮ್ಯಾಲ ಯಾವ ಮಣಿ ಅಂತ ಗೊತ್ತಿದ್ರ ಮಿಷನ್ನು ಪೋಣಿಸ್ತೈತಿ. ಕೊಬ್ಬು ಸರ ಅಲ್ರಿ. ಬಿಡಿ ಬಿಡಿ ಸಣ್ಣ ಕಣ. ಒಂದರ ಕೈ ಒಂದು ಹಿಡಿಯಂಗಿಲ್ಲ.'

'ಮತ್ತ ಹೆಂಗ ಕೂಡಿರತಾವು?'

'ಮಳಿ ಬಂದಾಗ ಬಸ್‌ಸ್ಟ್ಯಾಂಡಿನ ತಗಡಿನ ಕೆಳಗ ಮಂದಿ ಒತ್ತಿ ನಿಂದರತಾರಲ್ರಿ, ಹಂಗ. ಬೀಗರಲ್ಲ, ಬಳಗ ಅಲ್ಲ. ನೀರು ಒಲ್ಲದ್ದಕ್ಕ ಕೂಡಿರತಾವು.'

'ಮಳಿ ನಿಂತ್ರ?'

'ನಿಂದರಂಗಿಲ್ರಿ ಅತ್ತಿ. ಜೀವದೊಳಗ ಯಾವಾಗಲೂ ನೀರ.'

ಗುರವ್ವ ಹಂಚಿನ ಕಡೆ ತಿರುಗಿದಳು. ರೊಟ್ಟಿ ಉಬ್ಬಿತು.

ಹೇಳದೆ ಉಳಿದದ್ದು ಇನ್ನೂ ಇತ್ತು. ಹಾಲು ಕೊಡುವ ಕೋಶದಿಂದ ಪ್ರೋಟೀನು, ಸಕ್ಕರೆ ಎರಡೂ ಬಾಗಿಲು ತೆರೆದು ಹೊರಗೆ ಹೋಗುತ್ತವೆ. ಕೊಬ್ಬಿನ ಹನಿಗೆ ಬಾಗಿಲಿಲ್ಲ. ಅದು ಒಳಗಿನಿಂದ ಕೋಶದ ತೊಗಲನ್ನೇ ಒತ್ತಿ, ಉಬ್ಬಿಸಿ, ಆ ತೊಗಲಿನ ಒಂದು ತುಂಡನ್ನು ಮೈಗೆ ಸುತ್ತಿಕೊಂಡು ಕಳಚಿಕೊಳ್ಳುತ್ತದೆ. ಹಾಲಿನ ಪ್ರತಿ ಹನಿ ಕೊಬ್ಬಿನ ಸುತ್ತ ತಾಯಿಯ ಒಂದು ಚೂರು ತೊಗಲಿರುತ್ತದೆ. ತಿಂಗಳು ತುಂಬದ ಕೂಸಿನ ಕರುಳು ಆ ತೊಗಲನ್ನು ಗುರುತಿಸಿ ಕೊಬ್ಬನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಬರಿಯ ಎಣ್ಣೆ ಕೊಟ್ಟರೆ ಹಾಗೆಯೇ ಹೊರಗೆ ಹಾಕುತ್ತದೆ. ಹೆತ್ತ ತಾಯಿಯ ಕೋಶ ಹರಿದ ತೊಗಲನ್ನು ಆಗಿಂದಾಗಲೇ ಹೊಲಿದುಕೊಳ್ಳುತ್ತದೆ. ಹಂಡೆಯ ಕೋಶಕ್ಕೆ ಆ ಹೊಲಿಗೆ ಬಾರದು. ಅದರ ತೊಗಲು ಗುಂಪುಗೂಡಿದ ಕೊಬ್ಬಿನ ಕಣ, ಅಷ್ಟೇ; ಯಾವ ಕಣ ಒಳಮಗ್ಗುಲಿಗೆ, ಯಾವುದು ಹೊರಮಗ್ಗುಲಿಗೆ ಎಂಬುದು ಅದಕ್ಕೆ ಗೊತ್ತಿಲ್ಲ. ಆ ಏರ್ಪಾಡನ್ನು ಯಾವ ಲಿಪಿಯಲ್ಲೂ ಬರೆದಿಲ್ಲ. ಒಂದು ತೊಗಲು ಇನ್ನೊಂದು ತೊಗಲನ್ನು ಮುಟ್ಟಿಯೇ ಕಲಿಯಬೇಕು. ಅದಕ್ಕೇ ಹೆತ್ತ ಹೆಂಗಸೊಬ್ಬಳ ಹಾಲಿನಿಂದ ಆ ತೊಗಲನ್ನು ಬಿಡಿಸಿ, ತೊಳೆದು, ಇಡೀ ಹಾಲಿನಿಂದ ತೆಗೆಯಲಾಗದ ಜ್ವರದ ಸೋಂಕನ್ನು ಅಷ್ಟರಿಂದ ಸೋಸಿ, ಹಂಡೆಗೆ ಬಿಡುವುದು ದಾಕ್ಷಾಯಣಿಯ ಉಪಾಯ. ಇಂದುಧರ ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿಟ್ಟಿದ್ದರು. ಗುರವ್ವ ಕೇಳಿದ ದಿನವೇ 'ಅಂದ್ರ ಹೆಪ್ಪು' ಎಂದಿದ್ದಳು. ಅಂದಿನಿಂದ ಹಾಲುಮನೆಯಲ್ಲೂ ಅದು ಹೆಪ್ಪೇ.

ಆದರೆ ಹೆಪ್ಪು ಕೊಡುವವರು ಬೇಕಲ್ಲ. ಜ್ವರದ ವರ್ಷಗಳನ್ನು ಕಂಡ ಜನ ಸರಕಾರದ ಮಂದಿ ಬಂದು ಎದೆಹಾಲು ಕೇಳಿದರೆ ಕದ ಹಾಕಿಕೊಳ್ಳುತ್ತಿದ್ದರು. ಗುರವ್ವ ಕೇಳಿದರೆ ಇಲ್ಲವೆನ್ನುತ್ತಿರಲಿಲ್ಲ. ತನ್ನ ಪೈಕಿಯ ಮನೆಗಳಿಗೆ, ಬಾಣಂತಿ ಎಲ್ಲಿದ್ದಾಳೆಂದು ವಿಚಾರಿಸಿ, ಅವಳೇ ಹೋಗಿ ಹಿತ್ತಾಳೆ ಗಿಂಡಿಯಲ್ಲಿ ತರುತ್ತಿದ್ದಳು. ದಾಕ್ಷಾಯಣಿ ಅದನ್ನು ಹಾಲುಮನೆಗೆ ಒಯ್ಯುತ್ತಿದ್ದಳು. ಒಂದೂ ಹತ್ತಿರಲಿಲ್ಲ.

ಮುಂದಿನ ವಾರ ಕೂಸಿನ ತೂಕ ಇಳಿಯಿತು. ಸಿಸ್ಟರ್ ಫಿಲೋಮಿನಾ ಅವರಿಗೆ ಅಂದು ಒಳ್ಳೆಯ ಮಗ್ಗುಲು ಸಿಗಲಿಲ್ಲ. ತಕ್ಕಡಿಯನ್ನು ಬೇಗ ಒರೆಸಿಬಿಟ್ಟರು. ದಾಕ್ಷಾಯಣಿ ಹಾಲುಮನೆಗೆ ಮರಳಿ ಪರದೆಯ ಮುಂದೆ ಕುಳಿತು ಹಳದಿ ಗೆರೆಯನ್ನು ದಿಟ್ಟಿಸಿದಳು. ಬಿಸಿ ಕಡಿಮೆ ಮಾಡಿ ನೋಡಿದ್ದಾಯಿತು, ಉಪ್ಪು ಹೆಚ್ಚಿಸಿ ನೋಡಿದ್ದಾಯಿತು. ಹೆಪ್ಪು ಬಿದ್ದೊಡನೆ ಕೋಶಗಳು ಅದರತ್ತ ಸರಿಯುತ್ತಿದ್ದವು, ಮುಟ್ಟುತ್ತಿದ್ದವು, ಏನನ್ನೂ ಕಲಿಯದೆ ಒಡೆಯುತ್ತಿದ್ದವು. ಸತ್ತವರ ಹತ್ತಿರ ಪಾಠ ಹೇಳಿಸಿಕೊಳ್ಳಲು ಹೋದ ಹಾಗೆ.

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಕಾವಲಿನವನನ್ನು ಬದಿಗೆ ಸರಿಸಿ ಗುರವ್ವ ಒಳಗೇ ಬಂದಿದ್ದಳು. ಅವಳು ಹಾಲುಮನೆಗೆ ಕಾಲಿಟ್ಟದ್ದು ಅದೇ ಮೊದಲು. ಸೆರಗಿನಡಿ ಗಿಂಡಿ. ಬೆವರಿದ್ದಳು.

'ಯಾಕ್ರಿ ಅತ್ತಿ, ಇಲ್ಲೀತನಕ?'

'ದವಾಖಾನಿಗೆ ಬರಾಕತ್ತಿದ್ದೆ. ಬಸ್ಸು ಡಿಪೋದಾಗ ಕೆಟ್ಟು ನಿಂತತು. ಅಲ್ಲೊಬ್ಬಾಕಿ, ಬಸ್ಸು ತೊಳಿಯಾಕಿ, ಕೂಸಿಗೆ ಕುಡಿಸಿಕೋತ ಕುಂತಿದ್ಲು. ಕೂಸಂದ್ರ ಕೂಸು, ತೊಡಿ ಒಳಗ ಮಡಚಿ ಮಡಚಿ ಬಿದ್ದಾವು. ನಮ್ಮ ಮಂದ್ಯಾಗ ಇನ್ಯಾರೂ ಉಳದಿಲ್ಲ. ಕೇಳೇಬಿಟ್ಟೆ. ನಕ್ಕಳು, ಕೊಟ್ಲು.' ಗುರವ್ವ ದನಿ ತಗ್ಗಿಸಿದಳು. 'ದುರ್ಗವ್ವ ಅಂತ. ಯಾರ ಪೈಕಿ ಅಂತ ನನ್ನ ಬಾಯಿಲೆ ಹೇಳಸಬ್ಯಾಡ.'

'ನನಗ ಬ್ಯಾಡ್ರಿ ಅದು. ಕೊಡ್ರಿ ಇತ್ತ.'

ಗುರವ್ವ ಗಿಂಡಿ ಕೊಡಲಿಲ್ಲ. 'ತಡಿಯವಾ. ಇಲ್ಲಿ ಒಲಿ ಎಲ್ಲೈತಿ ತೋರಸು. ಮನೀಗೆ ಹೋಗಾಕ ಆಗಲಿಲ್ಲ. ಇದು ಇನ್ನೂ ಹಸೀ ಹಾಲು. ಒಂದು ಕುದಿ ಬರಿಸಿ ಕೊಡ್ತೀನಿ.'

ದಾಕ್ಷಾಯಣಿ ಅತ್ತೆಯ ಮುಖ ನೋಡಿದಳು. ಫಯಾಜ್ ಕುರ್ಚಿ ತಿರುಗಿಸಿ ಅವಳ ಮುಖ ನೋಡಿದ.

'ಅತ್ತಿ, ಇಷ್ಟ್ ದಿನ ತಂದ ಹಾಲು ಕಾಸಿ ಕೊಟ್ಟೀರೇನು?'

'ಮತ್ತ? ಕಾಸದ ಹಂಗ ಕೊಡ್ತಾರೇನ? ಅವರೂ ಕಾಸಿ ಕೊಡ್ತಿದ್ರು, ನಾನೂ ಮತ್ತೊಮ್ಮೆ ಉಕ್ಕಿಸ್ತಿದ್ದೆ.'

'ನಾ ನಿಮಗ ಹಸೀ ಹಾಲ ಬೇಕು ಅಂದಿದ್ನೆಲ್ರಿ!'

'ಅಂದಿದ್ದಿ. ಹುಡುಗಿ ತಿಳೀಲಾರದ ಅಂತಾಳ ಅಂದ್ಕೊಂಡೆ.' ಗುರವ್ವನಿಗೆ ಸಿಟ್ಟೇ ಬಂತು. 'ಹಸೀ ಹಾಲು ಪಂಚಮ್ಯಾಗ ಹುತ್ತಕ್ಕ ಎರೀತಾರ. ಪಾತ್ರಿಗೆ ಬಂದ ಹಾಲು, ಹಸೀದು, ಒಂದು ಕೂಸಿನ ಸಲುವಾಗಿ ಒಯ್ಯತಾರೇನು? ಅಪಶಕುನ ಅಲ್ಲೇನು? ನನ್ನ ಮೊಮ್ಮಗಳದು ನಾ ಹಂಗ ಮಾಡಲ್ಯಾ?'

ಕುದಿಸಿದ ಹಾಲಿನಲ್ಲಿ ಹನಿಯ ತೊಗಲು ಉಳಿಯುವುದಿಲ್ಲ. ಬಿಸಿಗೆ ಅದರೊಳಗಿನ ಪ್ರೋಟೀನೆಲ್ಲ ಮುದುಡಿ, ಬೇರೆ ಪ್ರೋಟೀನು ಬಂದು ಅಂಟಿಕೊಂಡು, ನೋಡಲು ತೊಗಲಿನ ಹಾಗಿದ್ದರೂ ಅದು ಬರಿಯ ಒಣ ಹೆಕ್ಕಳೆ. ದಾಕ್ಷಾಯಣಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವಳು ಅತ್ತೆಯ ಕೈಯನ್ನು ಗಿಂಡಿಯ ಸಮೇತ ಹಿಡಿದುಕೊಂಡಳು.

'ಅತ್ತಿ, ಕಾಸಿದ ಹಾಲಿಗೆ ಹೆಪ್ಪು ಹಾಕ್ತೀರಿ. ಹೆಪ್ಪನ್ನ ಕಾಸ್ತೀರೇನು?'

ಗಿಂಡಿಯ ಮೇಲಿನ ಗುರವ್ವನ ಹಿಡಿತ ಸಡಿಲಿತು.

ಸಂಜೆಯ ಹೊತ್ತಿಗೆ ಹಳದಿ ಗೆರೆ ಏರಿತು. ಏರಿ ನಿಂತಿತು. ಬೀಳುತ್ತದೆಂದು ದಾಕ್ಷಾಯಣಿ, ಫಯಾಜ್ ಇಬ್ಬರೂ ಕಾದರು, ಬೀಳಲಿಲ್ಲ. ಸೂಕ್ಷ್ಮದರ್ಶಕದಡಿ ಕೋಶಗಳು ಹನಿಗಳನ್ನು ಒಂದೊಂದಾಗಿ ಬಿಟ್ಟುಕೊಡುತ್ತಿದ್ದವು, ಬಿಟ್ಟುಕೊಟ್ಟಲ್ಲಿ ಮತ್ತೆ ಕೂಡಿಕೊಳ್ಳುತ್ತಿದ್ದವು. ಹಂಡೆಯ ಮೇಲ್ಭಾಗದಲ್ಲಿ ತೆಳ್ಳಗೆ ಕೆನೆ ಕಟ್ಟಿತು. ಫಯಾಜ್ ಅದನ್ನು ನೋಡಿ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ.

ಅಂದು ಮನೆಗೆ ಹೋದಾಗ ಗುರವ್ವ ಹಿತ್ತಿಲಲ್ಲಿ ಗಿಂಡಿಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದಳು. ಅದಾಗಲೇ ಬಂಗಾರದ ಹಾಗೆ ಹೊಳೆಯುತ್ತಿತ್ತು. ಆದರೂ ತಿಕ್ಕುತ್ತಲೇ ಇದ್ದಳು. ದಾಕ್ಷಾಯಣಿ ಅದನ್ನು ಕಂಡೂ ಕಾಣದ ಹಾಗೆ ಒಳಗೆ ಹೋದಳು.

ದಿನದಿನಕ್ಕೆ ಗಟ್ಟಿಯಾಗಿ, ಪರೀಕ್ಷೆಗಳೆಲ್ಲ ಮುಗಿದು ಹೊಸ ಹಾಲು ಆಸ್ಪತ್ರೆಗೆ ಹೋದ ಮೇಲೆ ಸಿಸ್ಟರ್ ಫಿಲೋಮಿನಾ ಒಳ್ಳೆಯ ಮಗ್ಗುಲನ್ನು ಹುಡುಕಬೇಕಾಗಲಿಲ್ಲ. ಕೂಸಿನ ಕೆನ್ನೆ ತುಂಬಿತು. ಅಳುವ ದನಿ ಬಂತು. ಪೆಟ್ಟಿಗೆಯಿಂದ ತೊಟ್ಟಿಲಿಗೆ ಬಂತು. ಅದರ ಅಕ್ಕಪಕ್ಕದ ಕೂಸುಗಳೂ ಹಾಗೆಯೇ. ಹೆಪ್ಪು ಆಗಾಗ ಹಳತಾಗುತ್ತಿತ್ತು. ಆಗ ಡಿಪೋದಿಂದ ದುರ್ಗವ್ವ ಬರುತ್ತಿದ್ದಳು. ಬಂದವಳು ಹಾಲುಮನೆಯ ಜಗಲಿಯಲ್ಲಿ ಕೂತು ಚಹಾ ಕುಡಿದು, 'ನನ್ನ ಎಮ್ಮಿ ಮಾಡೀರಲ್ರಪಾ' ಎಂದು ನಕ್ಕು ಹೋಗುತ್ತಿದ್ದಳು. ಊರು ನೋಡಿತು. ಊರು ನೋಡಿದ ಮೇಲೆ ಸುಮ್ಮನಿರುವುದುಂಟೆ?

ಹಾಲೆಲ್ಲ ಲಿಪಿಯಿಂದ ಬರುತ್ತಿದ್ದಾಗ ಯಾರೂ ಏನೂ ಕೇಳಿರಲಿಲ್ಲ. ಲಿಪಿಗೆ ಊರಿಲ್ಲ, ಕೇರಿಯಿಲ್ಲ; ಎಲ್ಲರ ಪ್ರೋಟೀನೂ ಅವೇ ಮಣಿ, ಅದೇ ಸರ. ತೊಗಲು ಒಬ್ಬಳದು ಎಂದು ತಿಳಿದೊಡನೆ ಆ ಒಬ್ಬಳು ಯಾರು ಎಂಬ ಪ್ರಶ್ನೆ ಬಂತು. ತೊಳೆದು ಸೋಸಿದ್ದೆಂದರೂ ಬಂತು. ಮೊದಲು ಒಂದು ಕೂಸಿನ ಅಪ್ಪ ಬಾಗಿಲಲ್ಲಿ ನಿಂತು ಕೇಳಿದ. ಆಮೇಲೆ ನಾಲ್ಕು ಜನ ಹಿರಿಯರು ಗಾಡಿ ಮಾಡಿಕೊಂಡು ಬಂದರು. ಎರಡು ಕೂಸುಗಳನ್ನು ಅರ್ಧಕ್ಕೇ ಮನೆಗೆ ಒಯ್ದರು.

ಇಂದುಧರ ಕೆಟ್ಟವರಲ್ಲ. ಕೂಸುಗಳು ಹೋಗುವುದನ್ನು ನೋಡಲಾರದೆ ಅವರು ಒಂದು ದಾರಿ ಹುಡುಕಿದರು.

'ಬ್ಯಾರೆ ಬ್ಯಾರೆ ಹಂಡೆ ಮಾಡೋಣ' ಎಂದರು ದಾಕ್ಷಾಯಣಿಗೆ. 'ಅವರವರ ಮಂದಿ ಹೆಪ್ಪು ಅವರವರ ಹಂಡೆಗೆ. ಯಾರದೂ ತಕರಾರು ಬ್ಯಾಡ. ನಿಮ್ಮ ಪೈಕಿ ಹೆಪ್ಪು ಈಗಾಗಲೇ ಎರಡನೇ ಹಂಡೆಯೊಳಗ ಹಾಕೀವಿ.'

'ಸರ್, ಹೊಸಾ ಹಂಡೆ ಹಾಲು ಪೂರ್ತಿ ಗಟ್ಟಿಯಾಗಬೇಕಂದ್ರ ಹದಿನೈದು ದಿನಾ ಬೇಕು. ಅಲ್ಲೀತನಕ ಕೂಸುಗಳು ಮತ್ತ ನೀಲಿ ಹಾಲು ಕುಡೀಬೇಕು. ಇಳಿದುಬಿಡ್ತಾವ್ರಿ.'

'ಮನೀಗೆ ಒಯ್ದ್ರ ಅದೂ ಸಿಗಂಗಿಲ್ಲಲ್ಲ?' ಅವರು ಕನ್ನಡಕ ತೆಗೆದು ಒರೆಸಿದರು. 'ನಿನ್ನ ಕೂಸಿಂದ ಶುರು ಮಾಡೋಣ ಅಂತೀನಿ. ಹಾಲುಮನೆಯವರ ಕೂಸ ಬದಲಾತು ಅಂದ್ರ ಉಳಿದವರು ನಂಬತಾರ. ನಿಮ್ಮ ಅತ್ತಿಯವರು ಹೂಂ ಅಂದ್ರ ಸಾಕು.'

ಸೊಸೆಯ ಮಾತು ಇಲ್ಲಿ ನಡೆಯುವಂತಿರಲಿಲ್ಲ. ಜ್ವರ ಕಂಡ ತಾಯಿ ಆಸೆ ತಡೆಯದೆ ತನ್ನದೇ ಹಾಲು ಕುಡಿಸಿಬಿಟ್ಟಾಳೆಂದು, ಕೂಸು ಏನು ಕುಡಿಯಬೇಕೆಂಬ ತೀರ್ಮಾನವನ್ನು ಕಾನೂನು ಮನೆಯ ಹಿರಿಯರ ಕೈಗೆ ಕೊಟ್ಟಿತ್ತು. ಗಂಡನಿಗೆ ಫೋನು ಮಾಡಿದರೆ ಅವನು 'ಅವ್ವ ಹೆಂಗಂತಾಳೋ ಹಂಗ' ಎಂದ. ಅವ್ವ ಹೇಗೆನ್ನುತ್ತಾಳೆಂದು ದಾಕ್ಷಾಯಣಿಗೆ ಗೊತ್ತಿತ್ತು. ಹಿತ್ತಿಲಲ್ಲಿ ಗಿಂಡಿ ತಿಕ್ಕುತ್ತಿದ್ದ ಕೈಗಳು ಕಣ್ಣ ಮುಂದಿದ್ದವು. ಮಾತಾಡಿ ಒಪ್ಪಿಸೋಣವೆಂದು ಎರಡು ಸಲ ಅಡುಗೆಮನೆಯ ಬಾಗಿಲಿಗೆ ಹೋದಳು. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ನೀರು ಕುಡಿದು ಬಂದಳು.

ಮರುದಿನ ಬೆಳಿಗ್ಗೆ ಇಂದುಧರ ತಾವೇ ವಾರ್ಡಿಗೆ ಬಂದರು. ಗುರವ್ವ ತೊಟ್ಟಿಲ ಬಳಿ ನಿಂತು ಕೂಸಿನ ಟೊಪ್ಪಿಗೆ ಸರಿಮಾಡುತ್ತಿದ್ದಳು. ಅವಳಿಗೆ ಕುರ್ಚಿ ಎಳೆದು ಹಾಕಿ, 'ಕೂಡ್ರಿ ಅವ್ವಾರ' ಎಂದು, ನಿಧಾನವಾಗಿ, ಮರ್ಯಾದೆಯಿಂದ, ಎಲ್ಲವನ್ನೂ ಹೇಳಿದರು. ದಾಕ್ಷಾಯಣಿ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಸಿಸ್ಟರ್ ಫಿಲೋಮಿನಾ ಒರೆಸಿದ ತಕ್ಕಡಿಯನ್ನೇ ಮತ್ತೆ ಒರೆಸುತ್ತಿದ್ದರು.

ಗುರವ್ವ ಕೂತಳು. ಪೂರ್ತಿ ಕೇಳಿದಳು.

'ಹೊಸಾದು ಯಾರದು?'

'ನಿಮ್ಮ ಪೈಕಿನ. ದೊಡ್ಡ ಮನಿತನ. ನಿಮಗ ಪರಿಚಯದವರ ಇರಬೇಕು.'

'ಹೌದೇನು.' ಗುರವ್ವ ತಲೆಯಾಡಿಸಿದಳು. ದಾಕ್ಷಾಯಣಿಯ ಕೈಗೆ ಸರಳು ತಣ್ಣಗೆ ಹತ್ತಿತು. 'ಅದೂ ಇಷ್ಟ ಗಟ್ಟಿ ಐತೇನ್ರಿ?'

'ಮೊದಲು ಸ್ವಲ್ಪ ತೆಳ್ಳಗಿರ್ತದ. ಬರಬರತ ಗಟ್ಟಿ ಆಗ್ತದ. ನೀವು ಹೂಂ ಅಂದ್ರ ಇವತ್ತ ಮಧ್ಯಾಹ್ನದಿಂದ ಶುರು.'

ಗುರವ್ವ ಬಗ್ಗಿ ಕೂಸಿನ ತೊಡೆ ಮುಟ್ಟಿದಳು. ಅಲ್ಲಿ ಈಗ ಒಂದು ಮಡಿಕೆ ಬಿದ್ದಿತ್ತು. ಅದನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು, ಸಂತೆಯಲ್ಲಿ ಸಾಮಾನು ನೋಡುವವರ ಹಾಗೆ ನೋಡಿ, ಬಿಟ್ಟಳು.

'ಒಲ್ಲೆ.'

ಇಂದುಧರ ನಕ್ಕರು. ತಪ್ಪು ತಿಳಿದಿದ್ದಾಳೆ ಎನ್ನಿಸಿರಬೇಕು. 'ಅಲ್ಲ ಅವ್ವಾರ, ಈಗ ಕುಡೀತಿರೂದು ಆ ಡಿಪೋದಾಕಿ—'

'ಗೊತ್ತೈತ್ರಿ. ಗಿಂಡಿ ಹಿಡಕೊಂಡು ಹೋದಾಕಿ ನಾನ. ಕೂಸಿಗೆ ಒಗ್ಗೇತಿ. ಒಗ್ಗಿದ್ದ ಹಾಲು ಯಾರರ ಬದಲ ಮಾಡ್ತಾರೇನು? ಹೊಟ್ಟಿ ಕೆಡ್ತೈತಿ.'

'ಊರಾಗಿನ ಮಂದಿ—'

'ಊರಾಗಿನ ಮಂದಿ ಹೊಟ್ಟೀಗೆ ನೀವು ಏನರ ಹಾಕ್ರಿ. ಇದಕ್ಕ ಒಲ್ಲೆ ಅಂದ್ರ ಒಲ್ಲೆ.'